ಲೆನ್ಸ್ ಕವರಿನ ಹಿಂಬದಿಯಲ್ಲಿ

ನಾನು ಬರೆಯುವುದು ಕನ್ನಡದಲ್ಲಿ. ನನ್ನ ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಮನೆಯಲ್ಲಿ ನಮ್ಮ ಮಾತು ಕೊಂಕಣಿ, ಅವಳ ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮಲಯಾಳ. ಶಾಲೆಗೆ ಸೇರಿಸುವಾಗ ಹೆಂಡತಿ, “ನಾಳೆ ಇಲ್ಲೇ ಕೆಲಸ ಸಿಗಬೇಕಾದರೆ ಮಲಯಾಳ ಬೇಕು” ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ನನಗೆ ಸಿಟ್ಟು ಬಂದಿತ್ತು. ಈಗ ಅವಳು ಕುವೈತಿನಲ್ಲಿ ನರ್ಸ್. ಇಲ್ಲಿ ಒಂಬತ್ತು ವರ್ಷದ ಮಗಳು, ಗಡಿನಾಡಿನ ಮುಳ್ಳೇರಿಯದಲ್ಲಿ ಒಂದು ಕನ್ನಡಕದ ಅಂಗಡಿ, ಇಗರ್ಜಿಯ ಗಾಯನ ತಂಡದಲ್ಲಿ ಪಿಟೀಲು, ಇವುಗಳ ಮಧ್ಯೆ ಕಥೆ ಬರೆಯುವ ಚಾಳಿ, ಎಲ್ಲ ನನ್ನ ಪಾಲಿಗೆ.

ಎಲ್ಲವನ್ನೂ ಹೇಗೆ ತೂಗಿಸಿಕೊಂಡು ಹೋಗುತ್ತೀರಿ ಎಂದು ಬರೆಯುವ ಗೆಳೆಯರು ಕೇಳುವುದುಂಟು. ತೂಗಿಸಿಕೊಂಡು ಹೋಗುತ್ತೇನೆಂದು ಇವರಿಗೆ ಯಾರು ಹೇಳಿದರೋ! ಸಾರು ಉಕ್ಕಿ ಒಲೆ ಆರುತ್ತದೆ. ಆದಿತ್ಯವಾರದ ಪೂಜೆಯಲ್ಲಿ ನನ್ನ ಪಿಟೀಲು ಉಳಿದವರಿಗಿಂತ ಒಂದು ಹೆಜ್ಜೆ ಹಿಂದೆ ಬರುತ್ತದೆ, ತಂಡದ ಹಿರಿಯರು ತಿರುಗಿ ನೋಡುತ್ತಾರೆ. ಮಗಳ ಜಡೆ ಒಂದು ಮೇಲೆ, ಒಂದು ಕೆಳಗೆ. ಬರೆಯಲು ಸಮಯವನ್ನಂತೂ ನಾನು ಹುಡುಕಿದವನೇ ಅಲ್ಲ, ಅದನ್ನು ನನಗೆ ಒಂದು ಯಂತ್ರ ಕೊಟ್ಟಿತು.

ಲೆನ್ಸನ್ನು ಫ್ರೇಮಿನ ಆಕಾರಕ್ಕೆ ಅರೆಯುವ ಯಂತ್ರ ಅದು. ಅಂಗಡಿಯ ಹಿಂಬದಿಯಲ್ಲಿದೆ. ಲೆನ್ಸ್ ಇಟ್ಟು ಗುಂಡಿ ಒತ್ತಿದರೆ ಒಳಗೆ ನೀರು ಹರಿಯುತ್ತ, ತನ್ನಷ್ಟಕ್ಕೆ ಗುಂಯ್ ಎನ್ನುತ್ತಿರುತ್ತದೆ. ಅದು ನಿಲ್ಲುವವರೆಗೆ ನನಗೆ ಕೆಲಸವಿಲ್ಲ. ಲೆನ್ಸ್ ಬಂದ ಬಿಳಿ ಕಾಗದದ ಕವರು ಕೈಯಲ್ಲಿರುತ್ತದೆ. ಮುಂಬದಿಯಲ್ಲಿ ಪವರ್ ಅಚ್ಚಾಗಿರುತ್ತದೆ, ಹಿಂಬದಿ ಖಾಲಿ. ಐದಾರು ವಾಕ್ಯ ಹಿಡಿಸುತ್ತವೆ. ನನ್ನ ಕಥೆಗಳೆಲ್ಲ ಆ ಗುಂಯ್‌ಗುಡುವಿಕೆಯಲ್ಲಿ ಬರೆದವು, ಅದಕ್ಕೇ ಇರಬೇಕು, ಅವುಗಳಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ.

ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಕಣ್ಣು ಪರೀಕ್ಷೆಯ ಫ್ರೇಮಿಗೆ ದಪ್ಪ ಲೆನ್ಸ್ ಹಾಕಿ ನಾನೇ ಧರಿಸಿಕೊಂಡು ರಸ್ತೆ ನೋಡುತ್ತೇನೆ. ನನ್ನ ಕಣ್ಣಿಗೆ ಅದು ಬೇಡವಾದ ಲೆನ್ಸ್. ಎದುರಿನ ಅಂಗಡಿಗಳ ಬೋರ್ಡು ಕರಗುತ್ತದೆ, ಆಟೋಗಳು ಹಳದಿ ಕಲೆಗಳಾಗಿ ತೇಲುತ್ತವೆ, ಬಸ್ಸು ಬಂದು ನಿಂತರೆ ಇಳಿದವರು ಹತ್ತಿದವರು ಒಂದೇ ಬಣ್ಣದಲ್ಲಿ ಬೆರೆತುಹೋಗುತ್ತಾರೆ. ಹೀಗೆ ನೋಡುತ್ತಿದ್ದಾಗಲೇ ಒಬ್ಬ ಹೆಂಗಸಿನ ಕಥೆ ಸಿಕ್ಕಿತು. ಪೆರ್ಲಕ್ಕೆ ಹೋಗುವ ಬಸ್ಸಿನಲ್ಲಿ ಅವಳಿಗೆ ನಿದ್ದೆ ಹತ್ತುತ್ತದೆ. ಎಚ್ಚರವಾದಾಗ ಬಸ್ಸು ಗುರುತಿಲ್ಲದ ಊರಿನಲ್ಲಿ ನಿಂತಿದೆ. ಅಲ್ಲಿಯವರಿಗೆಲ್ಲ ಇವಳ ಗುರುತುಂಟು. ಬಾ, ಇಳಿ, ಊಟ ಬಡಿಸಿಟ್ಟಿದ್ದೇವೆ ಎನ್ನುತ್ತಾರೆ.

ಶಾಲೆ ಬಿಟ್ಟ ಮೇಲೆ ಮಗಳು ಅಂಗಡಿಗೇ ಬರುತ್ತಾಳೆ. ಕತ್ತಲಾಗುವ ಹೊತ್ತಿಗೆ ಬಾಗಿಲು ಹಾಕಿ, ಬೋವಿಕಾನದ ಹತ್ತಿರವಿರುವ ನಮ್ಮ ಮನೆಗೆ ಸ್ಕೂಟರಿನಲ್ಲಿ ಹೋಗುತ್ತೇವೆ. ಆ ದಾರಿಯಲ್ಲಿ ನಾನು ಅಂದು ಬರೆದಷ್ಟನ್ನು ಕೊಂಕಣಿಯಲ್ಲಿ ಹೇಳಬೇಕು, ಅದು ನಮ್ಮ ಪದ್ಧತಿ. ಅವಳು ಗಲ್ಲವನ್ನು ನನ್ನ ಭುಜಕ್ಕೆ ಒತ್ತಿ ಕೂರುತ್ತಾಳೆ. ಗೇರು ತೋಟದ ಕಡೆಯಿಂದ ತಂಪು ಗಾಳಿ ಬರುತ್ತದೆ, ಹೆಡ್‌ಲೈಟಿನ ಬೆಳಕಿನಲ್ಲಿ ಹುಳಗಳು ತೇಲುತ್ತವೆ, ನಾವು ಹೋಗುತ್ತಿರುವುದು ಮನೆಗೋ ಆ ಹೆಂಗಸಿನ ಊರಿಗೋ ಎಂದು ಒಮ್ಮೊಮ್ಮೆ ನನಗೇ ಅನುಮಾನ. ಆ ಊರಲ್ಲಿ ಯಾವ ಭಾಷೆ ಮಾತಾಡುತ್ತಾರೆ? ಅವಳ ಚಪ್ಪಲಿ ಬಸ್ಸಿನಲ್ಲೇ ಉಳಿಯಿತಾ? ಹೀಗೆ ಮಗಳು ಕೇಳುತ್ತಾಳೆ. ಮರುದಿನ ಆ ಚಪ್ಪಲಿ ಕವರಿನ ಮೇಲೆ ಬಂದಿರುತ್ತದೆ. ಓದಲು ಬಾರದಿದ್ದರೇನು, ಇವಳಷ್ಟು ಒಳ್ಳೆಯ ಓದುಗರು ಯಾರಿಗುಂಟು ಎಂದು ನಾನು ಬೀಗುತ್ತಿದ್ದೆ.

ಆದರೆ ಒಂದನ್ನು ಹೇಳದೆ ಬಿಟ್ಟಿದ್ದೆ. ಕವರುಗಳಲ್ಲಿ ಇರುವ ಕಥೆಯಲ್ಲಿ ಆ ಹೆಂಗಸಿಗೆ ಮನೆಯಲ್ಲಿ ಒಬ್ಬ ಮಗಳಿದ್ದಾಳೆ. ಹೊಸ ಊರಿನಲ್ಲಿ ಒಂದೊಂದು ದಿನ ಕಳೆದ ಹಾಗೆ ಆ ಮಗಳ ಮುಖ ಅವಳ ನೆನಪಿನಿಂದ ಮಸುಕಾಗುತ್ತ ಹೋಗುತ್ತದೆ. ಅಮ್ಮ ಕುವೈತಿನಲ್ಲಿರುವ ಹುಡುಗಿಗೆ ಇದನ್ನು ಹೇಗೆ ಹೇಳಲಿ? ಹೆಂಡತಿ ದಿನಾ ವಿಡಿಯೋ ಕಾಲಿನಲ್ಲಿ ಬರುತ್ತಾಳೆ, ಮಗಳ ಹಲ್ಲು ಎಣಿಸುತ್ತಾಳೆ, ಅವಳು ಯಾವುದನ್ನೂ ಮರೆತವಳಲ್ಲ. ಆದರೂ ಕಥೆ ನನಗೆ ಬಂದದ್ದು ಹಾಗೆ.

ಒಂದು ದಿನ ಬಸ್ ನಿಲ್ದಾಣದ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಬ್ಯಾರಿ ಸಾಹುಕಾರರು ಬಂದರು. ಹಿಂದಿನ ವಾರವಷ್ಟೇ ಓದುವ ಕನ್ನಡಕ ಮಾಡಿಸಿಕೊಂಡಿದ್ದರು. ಪವರಿನ ವಿವರ ಇರಲಿ ಎಂದು ಲೆನ್ಸಿನ ಕವರನ್ನೂ ಪೆಟ್ಟಿಗೆಯಲ್ಲಿಟ್ಟು ಕೊಡುವುದು ನನ್ನ ರೂಢಿ. ಹಿಂಬದಿ ನೋಡದೆ ಕೊಟ್ಟಿದ್ದೆ.

“ಎಂತ ಮಾರಾಯ, ಕನ್ನಡಕ ಎಲ್ಲ ಸರಿ ಉಂಟು. ಆ ಹೆಂಗಸು ಬಸ್ಸಿಂದ ಇಳಿದ್ಲಾ ಇಲ್ವಾ?”

ನನಗೆ ನಾಚಿಕೆಯೂ ಆಯಿತು, ಹಾರಾಡುವಷ್ಟು ಖುಷಿಯೂ ಆಯಿತು. ಇಳಿದಳು ಎಂದೆ.

“ಛೆ! ಕರೆದ್ರು ಅಂತ ಇಳೀಲಿಕ್ಕೆ ಉಂಟಾ? ನಾನು ದುಬೈಯಲ್ಲಿ ಹಾಗೇ ಇಳಿದದ್ದು. ಎರಡು ವರ್ಷ ಅಂತ ಹೋದವ, ಬರುವಾಗ ತಲೆ ಹಣ್ಣಾಗಿತ್ತು,” ಎಂದು ಎದ್ದು ಹೋದರು.

ಮಗಳು ಸ್ಟೂಲಿನ ಮೇಲೆ ಕೂತು ಎಲ್ಲ ಕೇಳುತ್ತಿದ್ದಳು. ಅಂಗಡಿಯಲ್ಲಿ ಕೇಳಿ ಕೇಳಿ ಕನ್ನಡ ಮಾತು ಅವಳಿಗೆ ಅರ್ಥವಾಗುತ್ತದೆ. ಅಂದು ಸಂಜೆ ಸ್ಕೂಟರಿನಲ್ಲಿ ನನ್ನ ಭುಜದ ಮೇಲೆ ಗಲ್ಲ ಬರಲಿಲ್ಲ. ಮನೆ ತಲುಪಿ ಊಟಕ್ಕೆ ಕೂತಾಗ ಕೇಳಿದಳು: “ಅವರು ಓದಿದ್ದೂ ನೀನು ನನಗೆ ಹೇಳಿದ್ದೂ ಒಂದೇನಾ ಪಪ್ಪಾ?”

ಒಂದೇ ಎಂದೆ. ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿದವನಂತೆ ತಲೆ ತಗ್ಗಿಸಿದೆ. ಅವಳು ನಂಬಲಿಲ್ಲವೆಂದು ನನಗೆ ಗೊತ್ತಾಯಿತು.

ಮರುದಿನದಿಂದ ಅವಳ ಸ್ಟೂಲು ಕಣ್ಣು ಪರೀಕ್ಷೆಯ ಕೋಣೆಗೆ ಹೋಯಿತು. ಅಲ್ಲಿ ದೀಪದ ಪೆಟ್ಟಿಗೆಯ ಮೇಲೆ ಮೂರು ಅಕ್ಷರ ಫಲಕಗಳಿವೆ, ಇಂಗ್ಲಿಷ್, ಮಲಯಾಳ, ಕನ್ನಡ. ಬಂದವರಿಗೆ ಯಾವುದು ಬರುತ್ತದೋ ಅದನ್ನು ಬೆಳಗಿಸುತ್ತೇನೆ. ನಾನು ಕೋಲಿನಿಂದ ತೋರಿಸಿದ ಅಕ್ಷರವನ್ನು ಅವರು ಗಟ್ಟಿಯಾಗಿ ಹೇಳುವಾಗ ಮಗಳು ಹಿಂದೆ ಕೂತು ಬಾಯಾಡಿಸುತ್ತಿದ್ದಳು. ಮಂಜುಗಣ್ಣಿನವರು ತಪ್ಪಾಗಿ ಓದಿದ್ದನ್ನೂ ಹಾಗೇ ಕಲಿತಳು, ಆಮೇಲೆ ಅವರಿಗೆ ಕನ್ನಡಕ ಬಂದಾಗ ತಿದ್ದಿಕೊಂಡಳು. “ಮಲಯಾಳದ ಹಾಗೇ ಉಂಟು ಪಪ್ಪಾ, ಇವಕ್ಕೆ ತಲೆಯ ಮೇಲೆ ಹುಬ್ಬು ಬೇರೆ ಉಂಟು ಅಷ್ಟೆ,” ಎಂದು ನಗುತ್ತಿದ್ದಳು. ಆಟವೆಂದು ನಾನೂ ನಕ್ಕೆ. ಫಲಕದಲ್ಲಿ ಇರುವುದು ಬಿಡಿ ಅಕ್ಷರಗಳು, ಕೊಂಬಿಲ್ಲ, ಒತ್ತಿಲ್ಲ. ಅಷ್ಟರಿಂದ ಕಥೆ ಓದಲಾಗುತ್ತದೆಯೇ ಎಂದು ಧೈರ್ಯದಿಂದಿದ್ದೆ.

ಮಳೆ ಹಿಡಿದ ಒಂದು ಸಂಜೆ ಯಂತ್ರ ಗುಂಯ್ ಎನ್ನುತ್ತಿತ್ತು. ನಾನು ಬರೆದು ಮುಗಿಸಿದ ಕವರನ್ನು ಅವಳು ಮೇಜಿನಿಂದ ಎತ್ತಿಕೊಂಡಳು. ಗೊತ್ತಿರುವ ಅಕ್ಷರಗಳ ಮೇಲೆ ಮಾತ್ರ ಬೆರಳಿಡುತ್ತ, ಗೊತ್ತಿಲ್ಲದ್ದನ್ನು ಹಾರಿಸುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. ಸ್ವಲ್ಪ ಮುಂದೆ ಮತ್ತೆ ನಿಂತಿತು.

“ಮ. ಗ. ಳ,” ಎಂದಳು. ಆಮೇಲೆ ತಲೆಯೆತ್ತಿ, “ಇದರಲ್ಲಿ ಮಗಳು ಉಂಟಾ? ನೀನು ಹೇಳಿದ್ದರಲ್ಲಿ ಮಗಳೇ ಇರಲಿಲ್ಲ ಅಲ್ವಾ?”

ಓದಲಿ, ಓದಲಿ ಎಂದು ಇಷ್ಟು ವರ್ಷ ಹಂಬಲಿಸಿದವನು ನಾನೇ. ಅವಳು ಓದಿದ ಮೊದಲ ಶಬ್ದ ನಾನು ಬಚ್ಚಿಟ್ಟದ್ದೇ ಆಗಬೇಕೇ? ಪಕ್ಕದಲ್ಲಿ ಕೂರಿಸಿಕೊಂಡು, “ಹೇಳ್ತೇನೆ ಬಾ, ಈಗ ಪೂರ್ತಿ ಹೇಳ್ತೇನೆ,” ಎಂದೆ.

“ಬೇಡ,” ಎಂದಳು. ಸಿಟ್ಟಿನಿಂದಲ್ಲ, ಮೆತ್ತಗೆ. “ಹೇಳುವಾಗ ನೀನು ಬಿಡ್ತಿ. ನಾನೇ ಓದ್ತೇನೆ.”

ಈಗ ಸ್ಕೂಟರಿನಲ್ಲಿ ಕಥೆಯಿಲ್ಲ. ಅಂಗಡಿಗಳ ಬೋರ್ಡು ಬಂದಾಗ ಹಿಂದಿನಿಂದ ತುಂಡು ತುಂಡಾಗಿ ಕನ್ನಡ ಕೇಳಿಸುತ್ತದೆ. ಕೊಂಬು, ದೀರ್ಘ ಎಲ್ಲ ಆಯಿತು, ಇನ್ನು ಒತ್ತಕ್ಷರ ಮಾತ್ರ ಬಾಕಿ. ನಾನು ಕವರುಗಳನ್ನು ಅಡಗಿಸಿಲ್ಲ, ಒಂದು ಸಾಲನ್ನೂ ಬದಲಿಸಿಲ್ಲ. ಕಥೆಗೆ ಕೊನೆ ಇನ್ನೂ ಬರೆದಿಲ್ಲ. ಆ ಹೆಂಗಸು ಮಗಳ ಬಳಿಗೆ ತಿರುಗಿ ಬರುತ್ತಾಳೋ ಇಲ್ಲವೋ, ಮಗಳು ಅಲ್ಲಿಗೆ ಓದಿ ತಲುಪುವ ಮೊದಲು ನನಗೆ ಗೊತ್ತಾಗಬೇಕು.