ಲಾಕಿಯ ನಲವತ್ತೊಂಬತ್ತು ವರ್ಷದ ಪೀಪಾಯಿ

ನಮ್ಮ ವಿಸ್ಕಿ ಭಟ್ಟಿಯಲ್ಲಿ ನನ್ನ ಕೆಲಸ ಅಳೆಯುವುದು. ಗಾಜಿನ ಅಳತೆಕಡ್ಡಿಯನ್ನು ವಿಸ್ಕಿಯಲ್ಲಿ ತೇಲಿಸಿ, ಕಣ್ಣು ಕಿರಿದು ಮಾಡಿ, ಅಂಕಿ ಬರೆದುಕೊಳ್ಳುವುದು. ಅಮ್ಮ ಅಂಚೆಕಚೇರಿಯಲ್ಲಿ ಸಿಕ್ಕವರಿಗೆಲ್ಲ "ನಮ್ಮೋನು ವಿಜ್ಞಾನಿ" ಎನ್ನುತ್ತಾಳೆ. ಐಲಾ ದ್ವೀಪದ ಜನ ಮರ್ಯಾದಸ್ಥರು, ಮನೆಗೆ ಹೋಗಿ ನಗುತ್ತಾರೆ.

ಲಾಕಿ ಮಕೆಕರ್ನ್ ಮಾತ್ರ ಎದುರಿಗೇ ನಗುತ್ತಿದ್ದ. ಗೋದಾಮಿನ ಮೇಸ್ತ್ರಿ. ಹದಿನಾರಕ್ಕೆ ಕೆಲಸಕ್ಕೆ ಸೇರಿದವನಿಗೆ ಈಗ ಅರವತ್ತೈದು. ಸೇರಿದ ಮೊದಲ ವಾರವೇ ಹೊಸ ವಿಸ್ಕಿ ತುಂಬಿದ, ಹಿಂದೆ ಶೆರಿ ವೈನ್ ಇದ್ದ ಒಂದು ಪೀಪಾಯಿಯನ್ನು ಉರುಳಿಸಿಕೊಂಡು ಬಂದು ಸಮುದ್ರದ ಕಡೆಯ ಗೋಡೆಗೆ ನಿಲ್ಲಿಸಿದ್ದ. ಬಿರಡೆ ಮೇಲಕ್ಕೆ ಬರುವಂತೆ ನಿಲ್ಲಿಸುವುದೇ ಆ ಕೆಲಸದ ವಿದ್ಯೆ. ಅವನದು ನೆಲ ನೋಡುತ್ತಿತ್ತಂತೆ. ಆಗಿನ ಮೇಸ್ತ್ರಿ ಊಟ ಬಿಡಿಸಿ ಅವನ ಕೈಯಲ್ಲೇ ನಾಲ್ಕು ಸಲ ಉರುಳಿಸಿದ್ದ.

ಆ ಪೀಪಾಯಿ ಅಲ್ಲೇ ಇತ್ತು. ಲಾಕಿಗೆ ಮದುವೆಯಾಯಿತು, ಹೆಂಡತಿ ತೀರಿಕೊಂಡಳು, ಮಂಡಿ ಹೋಯಿತು. ವಾರಕ್ಕೊಮ್ಮೆ ಹೋಗಿ ಕೊಡತಿಯಿಂದ ತಟ್ಟಿ, ಬಿರಡೆ ತೆಗೆದು ಮೂಸಿ, "ಇದ್ದೀಯಲ್ಲ" ಅಂದು ಬರುತ್ತಿದ್ದ.

ವಯಸ್ಸಾದಂತೆ ವಿಸ್ಕಿಯ ಬಲ, ಅಂದರೆ ಮದ್ಯಸಾರದ ಪಾಲು, ಇಳಿಯುತ್ತದೆ. ನೂರಕ್ಕೆ ನಲವತ್ತಕ್ಕಿಂತ ಕೆಳಗಾದರೆ ಅದನ್ನು ವಿಸ್ಕಿ ಎನ್ನಲು ಕಾನೂನು ಬಿಡುವುದಿಲ್ಲ. ಮತ್ತೇನು ಎನ್ನಬೇಕೆಂದು ಕಾನೂನೂ ಹೇಳಿಲ್ಲ. ಹೋದ ವರ್ಷ ಲಾಕಿಯ ಪೀಪಾಯಿ ನಲವತ್ತು ಪಾಯಿಂಟ್ ಆರಿತ್ತು. ಈಗಲೇ ತೆಗೆದು ಸೀಸೆಗೆ ತುಂಬಿ ಎಂದು ಲಾಕಿ. ಐವತ್ತು ವರ್ಷ ತುಂಬಲಿ, ಸೀಸೆಯ ಮೇಲೆ ಚೆಂದ ಕಾಣುತ್ತದೆ ಎಂದು ಮ್ಯಾನೇಜರ್ ಎಲ್ಸ್ಪೆತ್. ಸೆಪ್ಟೆಂಬರಿನಲ್ಲಿ ಅಳೆದು ನೋಡೋಣ ಎಂದಾಯಿತು.

ಅಳೆದವನು ನಾನು. ಪೀಪಾಯಿಯ ಪಕ್ಕದಲ್ಲೇ, ಇಬ್ಬರೂ ನೋಡುತ್ತಿರುವಾಗ, ಗಂಟಲು ಸರಿಮಾಡಿಕೊಂಡು ಹೇಳಿದೆ: "ಮೂವತ್ತೆಂಟು ಪಾಯಿಂಟ್ ಏಳು."

ಎಲ್ಸ್ಪೆತ್ ಕಣ್ಣುಮುಚ್ಚಿ ನಿಂತಳು. ಲಾಕಿ ಬಿರಡೆ ಹಾಕಿ, ಅಂಗೈಯಿಂದ ಒತ್ತಿ, ಹೊರಗೆ ಹೋದ.

ಚಹಾ ಕುಡಿಯುವಾಗ ನೆನಪಾಯಿತು. ವಿಸ್ಕಿ ತಣ್ಣಗಿದ್ದರೆ ಕಡ್ಡಿ ಕಡಿಮೆ ತೋರಿಸುತ್ತದೆ, ತಂಪಿನ ಲೆಕ್ಕ ಹಿಡಿದು ಸರಿಪಡಿಸಬೇಕು. ನಾನು ಸರಿಪಡಿಸಿದ್ದು ಗಂಟಲು ಮಾತ್ರ.

ಬೆಳಿಗ್ಗೆ ತೆಗೆದ ಮಾದರಿಯನ್ನು ಇಪ್ಪತ್ತು ಡಿಗ್ರಿಗೆ ತಂದು ಎರಡು ಸಲ ಅಳೆದು ಓಡಿದೆ. ಲಾಕಿ ಗೋದಾಮಿನ ಹಿಂದೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಚೀಸ್ ಹಾಕಿದ ಬ್ರೆಡ್ಡು ತಿನ್ನುತ್ತಿದ್ದ.

"ಲಾಕಿ, ಬೆಳಿಗ್ಗೆ ಹೇಳಿದ ಅಂಕಿ ತಪ್ಪು. ತಂಪಿನ ಲೆಕ್ಕ ಹಿಡೀಲಿಲ್ಲ. ನಲವತ್ತು ಪಾಯಿಂಟ್ ಮೂರಿದೆ."

ಅವನು ಬಾಯಲ್ಲಿದ್ದುದನ್ನು ಪೂರ್ತಿ ಅಗಿದು ನುಂಗಿದ.

"ಕಾಲೇಜಲ್ಲಿ ಇದನ್ನ ಹೇಳ್ಕೊಡಲ್ವಾ?"

"ಮೊದಲ್ನೇ ವಾರವೇ ಹೇಳ್ಕೊಟ್ರು."

"ಆ ವಾರ ಎಲ್ಲಿಗೆ ಹೋಗಿದ್ದೆ, ಮರಿ?"

"ನಿಮಗಾದ್ರೂ ಅನುಮಾನ ಬರ್ಲಿಲ್ವಾ? ವಾರವಾರ ಮೂಸೋರು ನೀವು."

"ಬಂತು. ಮೂಗು ಎಲ್ಲಾ ಸರಿಯಾಗಿದೆ ಅಂತಲೇ ಹೇಳ್ತು." ಬ್ರೆಡ್ಡಿನ ಅಂಚನ್ನು ಕಡಲಹಕ್ಕಿಗೆ ಎಸೆದ. "ಮೂಗಿಗೂ ವಯಸ್ಸಾಯ್ತೇನೋ ಅಂದ್ಕೊಂಡೆ."

ನಾನು ಹಕ್ಕಿ ನೋಡಿದೆ.

ಎಲ್ಸ್ಪೆತ್‌ಗೆ ಇಬ್ಬರೂ ಕಚೇರಿಗೆ ಹೋಗಿ ಹೇಳಿದಾಗ ಅವಳ ಮುಖ ಅರಳಿತು. "ಹಾಗಾದ್ರೆ ಐವತ್ತಕ್ಕೆ ಕಾಯಬಹುದು. ಇನ್ನು ಹತ್ತು ತಿಂಗಳು ಅಷ್ಟೇ."

ಲಾಕಿ ಟೋಪಿ ತೆಗೆದ. ಕಚೇರಿಯೊಳಗೆ ಅವನು ಟೋಪಿ ತೆಗೆದದ್ದನ್ನು ನಾನು ಕಂಡಿರಲಿಲ್ಲ.

"ಬೇಡ, ಎಲ್ಸ್ಪೆತ್. ಬೆಳಿಗ್ಗೆ ಒಂದ್ಸಲ ಅದು ಸತ್ತೇಹೋಗಿತ್ತು. ಇವನು ತಪ್ಪು ಅಳೆದಿದ್ದಕ್ಕೆ ಬದುಕ್ತು. ಮುಂದಿನ ವರ್ಷ ಇವನು ಸರಿಯಾಗಿ ಅಳೆದ್ಬಿಟ್ರೆ?"

ಅವಳು ನನ್ನ ಕಡೆ ನೋಡಿದಳು. ಅಷ್ಟು ಹೊತ್ತು ನನ್ನನ್ನು ಯಾರೂ ನೋಡಿದ್ದಿಲ್ಲ. ಕೊನೆಗೆ, "ನಾಳೆ ತೆಗೀರಿ" ಅಂದಳು.

ಮರುದಿನ ಪೀಪಾಯಿಯಿಂದ ವಿಸ್ಕಿಯೆಲ್ಲ ಹೊರಬಂದ ಮೇಲೆ ಎಲ್ಸ್ಪೆತ್ ಮೊದಲ ಲೋಟವನ್ನು ಲಾಕಿಗೆ ಕೊಟ್ಟಳು. ಅವನು ಕಿಟಕಿಯ ಬೆಳಕಿಗೆ ಹಿಡಿದ, ಮೂಸಿದ, ಒಂದು ಗುಟುಕು ಬಾಯಲ್ಲೇ ಬಹಳ ಹೊತ್ತು ಇಟ್ಟುಕೊಂಡ.

"ಹೇಗಿದೆ?" ಅಂದಳು ಅವಳು.

"ವಿಸ್ಕಿ," ಅಂದ.