ಬಾಹುಬಲಿ ಹಿಡಿದುಕೊಟ್ಟ ಗೂಢಚಾರ

ಸದಲಗಾದ ಬಾಹುಬಲಿಗೆ ಕೂತಲ್ಲಿ ಕೂರುವ ಜಾಯಮಾನವಿರಲಿಲ್ಲ. ಎಪ್ಪತ್ತರ ಹತ್ತಿರ ಬಂದರೂ ಕಾಲಿಗೆ ಚಕ್ರ. ವಿಮೆ ಏಜೆಂಟನೋ ಡೇರಿ ಸಾಹೇಬನೋ, ಊರಿಗೆ ಯಾರೇ ಹೊಸಬ ಬರಲಿ, ಹಿಂದೆಯೇ ಹೋಗಿ "ಹೆಸರೇನ್ರಿ? ಯಾರ ಪೈಕಿ? ಯಾವೂರು?" ಎಂದು ಜಾಲಾಡದಿದ್ದರೆ ಉಂಡ ಅನ್ನ ಕರಗುತ್ತಿರಲಿಲ್ಲ. ಜನ ನಗುತ್ತಿದ್ದರು, ಆದರೆ ಎದುರಿಗಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಗೂಢಚಾರನನ್ನು ಹಿಡಿದುಕೊಟ್ಟವನಲ್ಲವೆ!

ಆಗ ಅವನು ಇರಾಕಿನ ಠಾಣೆಯೊಂದರಲ್ಲಿ ರೇಷನ್ ಗೋದಾಮಿನ ಸಿಪಾಯಿ. ಅಲ್ಲಿ ಖರ್ಜೂರದ ವ್ಯಾಪಾರಿಯೊಬ್ಬನ ಮನೆಯಲ್ಲಿ ವೈರ್‌ಲೆಸ್ ಯಂತ್ರ ಸಿಕ್ಕಿತು. ಹಡಗುಗಳ ಸುದ್ದಿ ಅದರಿಂದ ಜರ್ಮನರಿಗೆ ಹೋಗುತ್ತಿತ್ತು. ವ್ಯಾಪಾರಿ ಒಪ್ಪಿಕೊಂಡ. ಅವನ ಗುಮಾಸ್ತ ಮಾತ್ರ, ನಾನು ಮುಂಬೈಯ ಜೈನ, ಹೊಟ್ಟೆಪಾಡಿಗೆ ಬಂದವ, ನನಗೇನೂ ತಿಳಿಯದು ಎಂದು ಅಳುತ್ತಿದ್ದ. ಇವನು ಬರ್ಲಿನ್ನಿನಲ್ಲಿ ಪಾಠ ಕಲಿತು ಸುಳ್ಳು ಹೆಸರು ಹೊತ್ತು ಬಂದವನಿರಬೇಕೆಂದು ತನಿಖೆಯ ಇಂಗ್ಲಿಷ್ ಸಾಹೇಬನ ಅನುಮಾನ. "ನೀನೂ ಜೈನನಲ್ಲವೆ, ನೋಡಿ ಹೇಳು" ಎಂದು ಬಾಹುಬಲಿಯನ್ನು ಕಾವಲಿಗೆ ಹಾಕಿದ.

ಗುಮಾಸ್ತ ಜೈನರ ನೇಮದಂತೆ ಹೊತ್ತು ಮುಳುಗುವ ಮುಂಚೆಯೇ ಉಂಡ. ಠಾಣೆಯ ಬಾವಿಯ ನೀರನ್ನು ಅರಿವೆಯಲ್ಲಿ ಸೋಸಿ ಕುಡಿದ. ಆಮೇಲೆ ಅರಿವೆಯನ್ನು ಮರಳಿನ ಮೇಲೆ ಹಿಂಡಿಬಿಟ್ಟ. ಬಾಹುಬಲಿ ಅದನ್ನು ಕಂಡ. ಸೋಸಿದ ಅರಿವೆಯಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಅದನ್ನು ಜಾಲಾಡಿಸಿದ ನೀರನ್ನು ಅದೇ ಬಾವಿಗೆ ಮರಳಿ ಬಿಡಬೇಕು. ಸದಲಗಾದ ಹಾಲುಹಲ್ಲಿನ ಕೂಸಿಗೂ ಇದು ಗೊತ್ತು.

"ಇವ ಜೈನನಲ್ಲ, ಸಾಹೇಬ" ಎಂದ. ವ್ಯಾಪಾರಿಯ ಜೊತೆ ಗುಮಾಸ್ತನನ್ನೂ ಗಲ್ಲಿಗೇರಿಸಿದರು.

ಹುಳ ಉಳಿಸುವ ನೇಮದಿಂದ ಒಬ್ಬ ಮನುಷ್ಯನ ಜೀವ ಹೋಯಿತಲ್ಲ ಎಂಬ ಮುಳ್ಳು ಅಂದಿನಿಂದ ಚುಚ್ಚುತ್ತಲೇ ಇತ್ತು. ಗೂಢಚಾರ ತಾನೆ, ಸತ್ತರೆ ಸಾಯಲಿ ಎಂದುಕೊಂಡು ಬಾಹುಬಲಿ ಮತ್ತೆ ಅಂಗಳ ಸುತ್ತುತ್ತಿದ್ದ.

ಎಂಬತ್ತಾರನೇ ಇಸವಿಯಲ್ಲಿ ಮಗ ಮಹಾವೀರನ ಕೈ ಹಿಡಿದು ನಿಪ್ಪಾಣಿಯ ಮಂಗಲ ಸೊಸೆಯಾಗಿ ಬಂದಳು. ಬಂದ ಮರುದಿನವೇ ನೀರು ಸೋಸಿ ಅರಿವೆಯನ್ನು ಬಚ್ಚಲಿಗೆ ಹಿಂಡಿದಳು. ಮಾವನ ಕಣ್ಣಿಗೆ ಬಿತ್ತು.

"ಬೀಗರು ಮೋಸ ಮಾಡ್ಯಾರ! ಇಕಿ ಜೈನರ ಮನಿ ಹುಡುಗಿ ಅಲ್ಲ. ಇಕಿ ಕೈಯಾಗಿನ ನೀರು ನಾ ಮುಟ್ಟಂಗಿಲ್ಲ. ಇವತ್ತ ತವರಿಗೆ ಕಳಸು!"

"ಗುರುತಿನ ಮನಿತನರೀ, ಏನ್ ಮಾತಂತ ಆಡ್ತೀರಿ?" ಎಂದು ಹೆಂಡತಿ ಕಮಲಾಬಾಯಿ ಬೇಡಿಕೊಂಡಳು. ಕೇಳುವವನಾರು? ಮಹಾವೀರ ಅಪ್ಪನೆದುರು ತಲೆ ತಗ್ಗಿಸಿ ನಿಂತ, ಪುಕ್ಕಲ. ಮಂಗಲ ಟ್ರಂಕು ಹಿಡಿದು ಬಂದವಳು ಹೊಸ್ತಿಲಲ್ಲಿ ನಿಂತಳು.

"ಹೋಗ್ತೀನ್ರಿ ಮಾಮಾ. ಆದ್ರ ಧರ್ಮ ಗೊತ್ತಿಲ್ಲ ಅನಬ್ಯಾಡ್ರಿ. ನಮ್ಮ ಮನ್ಯಾಗ ಬಾವಿನ ಇಲ್ರಿ, ನಳದ ನೀರು. ಅರಿವಿ ಜಾಲಾಡಿಸಿ ಹೊಳ್ಳಿ ನಳದಾಗ ಹೆಂಗ ಬಿಡೂದ್ರಿ? ಹಿಂಡಿ ಹಿಂಡಿ ಅದ ರೂಢಿ ಆಗೇತಿ. ಇಲ್ಲಿ ಬಾವಿ ಐತಿ ಅನ್ನೂದು ಲಕ್ಷ್ಯಕ್ಕ ಬರಲಿಲ್ಲ."

ಬಾಹುಬಲಿ ಹೊಸ್ತಿಲ ಹತ್ತಿರ ಬಂದು ಕೇಳಿದ, "ಮುಂಬೈಯಾಗ?"

"ಮುಂಬೈಯಾಗೂ ನಳಾನ್ರಿ. ನಮ್ಮ ಅಜ್ಜಿ ತವರಮನಿ ಅಲ್ಲೇ. ಆಕಿ ಸಣ್ಣಾಕಿ ಇದ್ದಾಗಿಂದ ನಳಾನ ಅಂತ."

ಬಾಹುಬಲಿ ಕಟ್ಟೆಯ ಮೇಲೆ ಕೂತ. "ಟ್ರಂಕ್ ಒಳಗ ಇಡವ್ವ. ಒಂದ್ ತಂಬಿಗಿ ನೀರು ಕೊಡು" ಎಂದ. ಮಂಗಲ ತಂದುಕೊಟ್ಟಳು. ಕುಡಿದು ತಂಬಿಗೆಯನ್ನು ಕೆಳಗಿಟ್ಟ.

"ಅವ ಜೈನನ ಇದ್ದ" ಎಂದ.

"ಯಾರ್ರಿ?" ಎಂದಳು ಕಮಲಾಬಾಯಿ.

ಊರಿನ ಹೊಸಬರನ್ನೆಲ್ಲ ಹೆಸರು ಕೇಳುತ್ತಿದ್ದವನಿಗೆ ಆ ಒಬ್ಬನ ಹೆಸರು ನೆನಪಾಗಲಿಲ್ಲ.