ಹಲ್ಲು ಕಟ್ಟಿಸಬೇಕು ಅಂದಿದ್ದೆ

ಹೋದ ತಿಂಗಳು ತಂಗಿಯ ಮಗಳ ಜೊತೆ ಹೊಸಪೇಟೆಯ ಬ್ಯೂಟಿ ಪಾರ್ಲರಿಗೆ ಹೋಗಿದ್ದೆ. ಅವಳಿಗೆ ಉಗುರು ಉದ್ದ ಮಾಡಿಸಿಕೊಳ್ಳಬೇಕಿತ್ತು. ಪಾರ್ಲರಿನ ಹುಡುಗಿ ಪುಟ್ಟ ಗಾಜಿನ ಬಟ್ಟಲಿಗೆ ಸೀಸೆಯಿಂದ ಏನನ್ನೋ ಸುರಿದು, ಬ್ರಷ್ಷನ್ನು ಅದರಲ್ಲಿ ಅದ್ದಿ ಗುಲಾಬಿ ಪುಡಿಗೆ ತಾಗಿಸಿದಳು. ಮೂಗಿನ ಹಿಂದೆ ಹೋಗಿ ಕೂರುವಂಥ ಸಿಹಿ ಘಾಟು ಎದ್ದಿತು... ನನ್ನ ನಾಲಿಗೆ ತಾನಾಗಿಯೇ ಮೇಲ್ದವಡೆಗೆ ಹೋಯಿತು. ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ. ಕೊಟ್ಟೂರಿನಲ್ಲಿದ್ದ ಹಲ್ಲು ಕಟ್ಟುವವನ ಅಂಗಡಿಯ ವಾಸನೆ ಅದು.

ಜನ ಅವನನ್ನು ಹಲ್ಲಿನ ಡಾಕ್ಟ್ರು ಅನ್ನುತ್ತಿದ್ದರು. ನಾನೂ ಅಂದಿದ್ದೇನೆ, ಈಗ ಅನ್ನುವುದಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನಷ್ಟೇ ಓದಬೇಕು ಎನ್ನುವವರು ಈ ಲೇಖನವನ್ನು ಇಲ್ಲಿಗೇ ಬಿಡಬಹುದು.

ತೊಂಬತ್ತರ ದಶಕದ ಕೊನೆಯ ಮಾತು. ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ಅವ್ವ ಹತ್ತಿ ಬಿಡಿಸಲು, ಕಳೆ ಕೀಳಲು ಹೋಗುತ್ತಿದ್ದಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಕೈಗೆ ಕೊಟ್ಟಿದ್ದಲ್ಲ ಅದು. ಬಿ.ಎಡ್ ಆದಮೇಲೆ ಕೊಟ್ಟೂರಿನ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸ ಸಿಕ್ಕಿತು. ಪಾಠವನ್ನು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ಮಾಡುತ್ತಿದ್ದೆ.

ನನ್ನವು ಉಬ್ಬು ಹಲ್ಲು. ತುಟಿ ಮುಚ್ಚಿದರೂ ಎರಡು ಹೊರಗೇ ಇಣುಕುತ್ತಿದ್ದವು. ಓಣಿಯಲ್ಲಿ ಹುಡುಗರು, ಕೊಬ್ರಿ ಹೆರೆದು ಕೊಡ್ತೀಯೇನಲೇ ಎಂದು ಕೇಳುತ್ತಿದ್ದರು. ಕಾಲೇಜಿನಲ್ಲಿ ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟು, ವೇದಿಕೆ ಹತ್ತುವ ಮೊದಲೇ ಮನೆಗೆ ಓಡಿಬಂದಿದ್ದೆ. ಕೆಲಸ ಸಿಕ್ಕ ಮೇಲೆ ಮಾಡಬೇಕೆಂದುಕೊಂಡ ಮೊದಲ ಕೆಲಸ ಹಲ್ಲು ಸರಿ ಮಾಡಿಸುವುದು. ಗಂಡು ನೋಡಲು ಬರುತ್ತಾರೆ, ಅದಕ್ಕೆ ಎಂದು ಎಲ್ಲರೂ ಅಂದುಕೊಂಡರು. ಸೆರಗು ಕೆಳಗಿಳಿಸಿ ಒಂದು ಪದ್ಯ ಓದಬೇಕು ಅನ್ನುವುದಷ್ಟೇ ನನ್ನ ಆಸೆ ಎಂದರೆ ಯಾರೂ ನಂಬಲಿಲ್ಲ.

ಹರಪನಹಳ್ಳಿ ಮೇಲೆ ಬಸ್ಸು ಹಿಡಿದು ದಾವಣಗೆರೆಯ ದಂತ ಕಾಲೇಜಿಗೆ ಹೋದೆ. ನನಗಿಂತ ಸ್ವಲ್ಪವೇ ದೊಡ್ಡವಳಾದ ಒಬ್ಬ ಡಾಕ್ಟರು ಬಾಯಿ ನೋಡಿ, ಹಲ್ಲುಗಳು ಗಟ್ಟಿಯಾಗಿವೆ, ಒಂದೂ ಹುಳುಕಿಲ್ಲ, ವಾಲಿವೆ ಅಷ್ಟೇ ಎಂದಳು. ಮೇಲಿನ ಸಾಲಿನಲ್ಲಿ ಕೋರೆಹಲ್ಲಿನ ಹಿಂದಿನದನ್ನು ಆ ಕಡೆ ಒಂದು, ಈ ಕಡೆ ಒಂದು ತೆಗೆದು ಜಾಗ ಮಾಡಬೇಕು. ಆಮೇಲೆ ತಂತಿ ಕಟ್ಟಿದರೆ ಮುಂದಿನವು ನಿಧಾನವಾಗಿ ಒಳಗೆ ಬರುತ್ತವೆ. ಎರಡು ವರ್ಷ, ತಿಂಗಳಿಗೊಮ್ಮೆ ಬರಬೇಕು. ದುಡ್ಡನ್ನು ಕಂತಿನಲ್ಲಿ ಕೊಡಬಹುದಿತ್ತು. ನನಗೆ ಕಷ್ಟವಾಗಿದ್ದು ರಜೆ. ದಂತ ಕಾಲೇಜು ಭಾನುವಾರ ಬಾಗಿಲು ಹಾಕಿರುತ್ತಿತ್ತು, ನಮ್ಮ ಶಾಲೆಯಲ್ಲಿ ಬಿಟ್ಟ ದಿನದ ಸಂಬಳ ಹಿಡಿಯುತ್ತಿದ್ದರು. ಹಾಗಾಗಿ ಲೆಕ್ಕ ಹಾಕಿದೆ, ಕೀಳಿಸುವುದನ್ನು ಊರಲ್ಲೇ ಮುಗಿಸಿಕೊಂಡರೆ ಒಂದೆರಡು ಓಡಾಟ ಉಳಿಯುತ್ತದೆ ಎಂದು.

ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿತ್ತು ಅವನ ಅಂಗಡಿ. ಕೆಂಪು ವಸಡು, ಬಿಳಿ ಹಲ್ಲು ಬರೆಸಿದ ಬೋರ್ಡು. ಗಾಜಿನ ಪೆಟ್ಟಿಗೆಯಲ್ಲಿ ಗುಲಾಬಿ ಬಣ್ಣದ ಸೆಟ್ಟುಗಳು ಯಾರನ್ನೋ ನೋಡಿ ನಗುವಂತೆ ಬಾಯಿ ತೆರೆದುಕೊಂಡು ಕೂತಿರುತ್ತಿದ್ದವು. ಅವನು ಮಾತುಗಾರ. ಕೂತವರನ್ನೆಲ್ಲ ನಗಿಸುತ್ತಿದ್ದ, ನಗುತ್ತಿದ್ದಾಗಲೇ ಸೂಜಿ ಚುಚ್ಚುತ್ತಿದ್ದ. ಜನರಿಗೆ ಅದೇ ಇಷ್ಟ.

ನಾನು ಹೋದಾಗ ಬೆಂಚಿನ ಮೇಲೆ ನಾಲ್ಕೈದು ಜನ ಇದ್ದರು. ಏನಾಗಬೇಕು ತಂಗಿ ಎಂದ. "ಹಲ್ಲು ಕಟ್ಟಿಸ್ಬೇಕ್ರಿ. ಅದಕ್ಕಿಂತ ಮೊದ್ಲು ಕೀಳಿಸ್ಬೇಕು" ಎಂದೆ. ತಂತಿ ಎಂಬ ಮಾತು ನನ್ನ ಬಾಯಲ್ಲಿ ಬರಲಿಲ್ಲ. ದಾವಣಗೆರೆಯಲ್ಲಿ ಅವರು ಕಟ್ಟುವುದು, ಕಟ್ಟುವುದು ಎಂದೇ ಹೇಳಿದ್ದರು, ನನಗೂ ಅದೇ ಮಾತು. ನಮ್ಮ ಕಡೆ ಹಲ್ಲು ಕಟ್ಟಿಸುವುದು ಎಂದರೆ ಬೇರೆ. ಇದ್ದದ್ದನ್ನು ಕಿತ್ತು ಸುಳ್ಳು ಹಲ್ಲು ಕೂರಿಸುವುದು. ಮುದುಕರು ಕಟ್ಟಿಸಿಕೊಳ್ಳುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇಪ್ಪತ್ತು ದಾಟಿದ ಹುಡುಗಿ ಗಟ್ಟಿ ಹಲ್ಲುಗಳನ್ನು ಇಟ್ಟುಕೊಂಡು ಬಂದು ಹಾಗೆ ಕೇಳಲಾರಳು ಎಂದು ಅವನಿಗೆ ಗೊತ್ತಿರಬೇಕಿತ್ತು.

ಯಾವ ಹಲ್ಲು ಎಂದು ತೋರಿಸಲು ಬಾಯಿಗೆ ಬೆರಳು ಹಾಕಿದೆ. ಕೈ ಹಿಡಿದು ಕೆಳಗಿಳಿಸಿದ.

"ನೀ ತೋರ್ಸೋದು ಬ್ಯಾಡವಾ ತಂಗಿ. ಬಸ್ ಸ್ಟ್ಯಾಂಡಿನ್ಯಾಗ ಇಳದಾಗಿಂದ ಕಾಣಕತ್ಯಾವು."

ಬೆಂಚು ನಕ್ಕಿತು. ಒಬ್ಬ ಮುದುಕ, ಬಾಯಲ್ಲಿ ಒಂದೂ ಹಲ್ಲಿಲ್ಲದವನು, ತೊಡೆ ತಟ್ಟಿಕೊಂಡು ನಕ್ಕ. ನಾನು ಬಾಯಿ ಮುಚ್ಚಿದೆ. ಆ ಕ್ಷಣಕ್ಕೆ ಬಾಯಿ ಮುಚ್ಚದೆ, ಹಿಂದಿನವ್ರೀ ಎಂದು ಒಂದೇ ಮಾತು ಹೇಳಿದ್ದರೆ... ಆದರೆ ಇಂಥ ನಗೆ ಕೇಳಿದಾಗ ಬಾಯಿ ಮುಚ್ಚುವುದನ್ನೇ ನಾನು ಹುಟ್ಟಿದಾಗಿನಿಂದ ಕಲಿತಿದ್ದು. ಮತ್ತೆ ತೆರೆದಿದ್ದು ಅವನು ಸೂಜಿ ಹಿಡಿದು ತೆರಿ ಅಂದಾಗ. ತುಟಿ, ಮೂಗಿನ ತುದಿ ಎಲ್ಲ ಮರಗಟ್ಟಿದವು. ಎಲ್ಲಿ ಎಳೆಯುತ್ತಿದ್ದಾನೆಂದು ತಿಳಿಯಲಿಲ್ಲ. ಅವನು ಮಾತಾಡುತ್ತಲೇ ಇದ್ದ, ಬೆಂಚು ನಗುತ್ತಲೇ ಇತ್ತು.

ಉಗುಳಲು ಎದ್ದಾಗ ಪಿಂಗಾಣಿ ಬಟ್ಟಲಿನಲ್ಲಿ ನಾಲ್ಕು ಹಲ್ಲು ಬಿದ್ದಿದ್ದವು. ದಿನವೂ ಕನ್ನಡಿಯಲ್ಲಿ ನೋಡಿ ಬೈಯುತ್ತಿದ್ದ ಹಲ್ಲುಗಳೇ, ಗುರುತು ಸಿಗದೆ ಇರುತ್ತದೆಯೇ. ಒಂದನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದ. ಎಂಥ ಬೇರು ನೋಡು ತಂಗಿ, ಬಿಡಾಕ ಒಲ್ಲೆ ಅಂದ್ವು ಎಂದು ಬೆಂಚಿನವರಿಗೂ ತೋರಿಸಿದ.

ಇವಲ್ಲ ಎಂದೆ. ಹತ್ತಿ ತುರುಕಿದ ಬಾಯಲ್ಲಿ ಅದು ಮಾತಾಗಿ ಬರಲಿಲ್ಲ. ಹತ್ತಿ ತೆಗೆದು, ತಂತಿ ಕಟ್ಟಿಸಬೇಕಿತ್ತು ಎಂದು ರಕ್ತದ ಜೊತೆ ಹೇಳಿದೆ.

"ತಂತಿ ಬೇಲಿಗಿ ಕಟ್ತಾರವಾ, ಹಲ್ಲಿಗಲ್ಲ" ಎಂದ. "ಉಬ್ಬು ಹೋಗ್ಬೇಕಿತ್ತು ಹೌದಿಲ್ಲೋ, ಹೋತು. ಇನ್ನೇನು ನಿನಗ?"

ನಾನು ಕ್ಷಮಿಸದೆ ಇರುವುದು ಅವನ ಕೈಯನ್ನಲ್ಲ. ಕೈ ತಪ್ಪಬಹುದು, ಮಾತನ್ನು ತಪ್ಪಾಗಿ ತಿಳಿಯಬಹುದು. ನನ್ನ ಬೆರಳು ಹಿಡಿದು ಕೆಳಗಿಳಿಸಿದನಲ್ಲ, ಅದನ್ನು ಕ್ಷಮಿಸಿಲ್ಲ. ಒಂದು ಬೆಂಚಿನಷ್ಟು ಜನರನ್ನು ನಗಿಸಲು.

ವಸಡು ಆರಿದ ಮೇಲೆ ಬಿಸಿ ಮೇಣ ಕಚ್ಚಿಸಿ ಅಳತೆ ತೆಗೆದ. ಗುಲಾಬಿ ಪುಡಿಗೆ ಆ ಘಾಟಿನ ನೀರು ಕಲಸಿ, ನಾಲ್ಕು ಸುಳ್ಳು ಹಲ್ಲು ಕೂರಿಸಿದ ಪ್ಲೇಟು ಮಾಡಿದ. ಬೇರೆ ದಾರಿ ಇರಲಿಲ್ಲ. ಬೋಳು ವಸಡು ಇಟ್ಟುಕೊಂಡು ತರಗತಿಗೆ ಹೋಗಲಾರೆ, ದಾವಣಗೆರೆಗೆ ಹೋದರೂ ಕಿತ್ತ ಹಲ್ಲು ಅಂಟಿಸುವವರಿಲ್ಲ. ಪ್ಲೇಟು ಜಾರದಂತೆ ಎರಡು ಬದಿಗೆ ತಂತಿಯ ಕೊಕ್ಕೆ ಹಾಕಿದ್ದ. ಅಂತೂ ನನ್ನ ಬಾಯಿಗೆ ತಂತಿ ಬಂತು.

ಮೈಗೆ ಬೆಂಕಿ ಬಿದ್ದದ್ದು ಆಮೇಲೆ. ಎಲ್ಲರೂ ಹೊಗಳಿದರು. ಚಂದಾಗ್ಯಾವಲ್ಲೇ ಎಂದು ಅವ್ವ ಗಲ್ಲ ಸವರಿದಳು. ಶಾಲೆಯಲ್ಲಿ ಮುಖ್ಯಗುರುಗಳು, ಈಗ ನೋಡಿ ಹೇಗೆ ಕಳೆ ಬಂತು ಎಂದರು. ನಡೆದದ್ದು ಹೇಳಿದರೆ, ಓದಿದಾಕಿ ನೀನು, ಸರಿಯಾಗಿ ಹೇಳಬೇಕಿತ್ತು ಎಂದು ಎಲ್ಲರೂ ನನಗೇ ಅಂದರು. ನಾನು ಓದಿದ್ದನ್ನು ಇಡೀ ಊರು ನೆನಪಿಸಿಕೊಂಡಿದ್ದು ಆಗಲೇ. ಅವನಂತೂ ನನ್ನನ್ನು ಬೋರ್ಡು ಮಾಡಿಕೊಂಡ. ಬಂದವರಿಗೆಲ್ಲ, ಆ ಶಾಲಿ ಕನ್ನಡ ಮೇಡಂ ಹಲ್ಲು ನೋಡ್ರಿ, ನಾನ ಕಟ್ಟಿದ್ದು ಎನ್ನುತ್ತಿದ್ದನಂತೆ. ಸಂತೆಯಲ್ಲಿ ಜನ ನನ್ನ ಬಾಯಿ ನೋಡಿ ಮಾತಾಡಿಸತೊಡಗಿದರು.

ಒಂದು ಸಂಜೆ ನಮ್ಮ ಶಾಲೆಯ ಹತ್ತನೇ ತರಗತಿಯ ಹುಡುಗಿಯ ತಾಯಿ ದಾರಿಯಲ್ಲಿ ನಿಲ್ಲಿಸಿದಳು. ಮಗಳು ಹಿಂದೆ ನಿಂತಿದ್ದಳು, ಅಂಗೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡು.

"ಮೇಡಮ್ಮಾರ, ಒಂಚೂರು ನಗ್ರಿ. ಈಕಿಗಿ ತೋರಸ್ಬೇಕು. ಕಿತ್ತಿಸ್ಕೊಳ್ಳಾಕ ಅಂಜಕತ್ತ್ಯಾಳ."

ಅವರು ಅವನ ಅಂಗಡಿಗೇ ಹೊರಟಿದ್ದರು. ನಡೀರಿ, ನಾನೂ ಬರ್ತೀನಿ ಎಂದೆ.

ನನ್ನನ್ನು ಕಂಡು ಅವನ ಮುಖ ಅರಳಿತು. ನೋಡ್ರಿ, ಸಾಕ್ಷಿನ ನಡ್ಕೊಂತ ಬಂತು ಎಂದು ಬೆಂಚಿನತ್ತ ತಿರುಗಿದ. ಹುಡುಗಿಯನ್ನು ಕುರ್ಚಿಯ ಮೇಲೆ ಕೂರಿಸಿದ್ದೂ ಆಯಿತು. ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಬಾಯಿಗೆ ಬೆರಳು ಹಾಕಿದೆ. ಈ ಸಲ ಕೈ ಹಿಡಿಯಲು ಅವನಿಗೆ ಹೊಳೆಯಲಿಲ್ಲ. ಪ್ಲೇಟು ಕಿತ್ತು ಅವನ ಟೇಬಲ್ಲಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟೆ. ಎಂಜಲ ಸಮೇತ.

ಹುಡುಗಿ ನನ್ನ ಬಾಯಿ ನೋಡಿದಳು. ಬೆಂಚಿನಲ್ಲಿ ಯಾರೂ ನಗಲಿಲ್ಲ.

"ಇವು ಇವ್ರು ಕಟ್ಟಿದ್ದು" ಎಂದೆ. ಗಾಳಿ ಸೋರಿ ಮಾತು ಪುಸುಪುಸು ಎನ್ನುತ್ತಿತ್ತು, ಆದರೂ ನಿಲ್ಲಿಸಲಿಲ್ಲ. "ನನ್ನವು ಇವ್ರ ಬಟ್ಲದಾಗ ಬಿದ್ವು. ಒಂದೂ ಕೆಟ್ಟಿರ್ಲಿಲ್ಲ. ನಿನ್ನವೂ ಕೆಟ್ಟಿಲ್ಲ, ಏಳು."

ಅವಳು ಎದ್ದಳು. ತಾಯಿ ನನ್ನನ್ನು ದುರುಗುಟ್ಟಿ ನೋಡಿ, ತಾವು ಚಂದಾಗ್ಬೇಕು, ಮಂದಿ ಆಗ್ಬಾರ್ದು ಎಂದು ಗೊಣಗುತ್ತಾ ಮಗಳ ಹಿಂದೆ ಹೊರಟಳು. ಅವನು ಪ್ಲೇಟನ್ನು ನನ್ನ ಕಡೆ ತಳ್ಳಿದ. "ಓದಿದ ಸೊಕ್ಕು" ಎಂದ, ಅಷ್ಟೇ. ತಪ್ಪಾಯಿತು ಎಂದು ಅಂದೂ ಅನ್ನಲಿಲ್ಲ, ಮುಂದೆಯೂ ಅನ್ನಲಿಲ್ಲ.

ಆ ಹುಡುಗಿ ಈಗ ಹಡಗಲಿ ಕಡೆ ಮದುವೆಯಾಗಿ ಹೋಗಿದ್ದಾಳೆ. ಒಮ್ಮೆ ಬಸ್ಸಿನಲ್ಲಿ ಸಿಕ್ಕಿದ್ದಳು. ಹಲ್ಲು ಇನ್ನೂ ಉಬ್ಬೇ. ತಂತಿ ಕಟ್ಟಿಸಲು ಅವಳಿಗೂ ಆಗಲಿಲ್ಲವಂತೆ. ಉಬ್ಬಿದ್ದರೂ ಅವು ಅವಳವೇ ಅಲ್ಲವೇ ಎಂದು ನಾನು ನೋಡುತ್ತಲೇ ಇದ್ದೆ...

ಅವನು ಸತ್ತು ಕೆಲವು ವರ್ಷಗಳಾದವು. ಬಡವರ ಡಾಕ್ಟ್ರು ಹೋದ್ರು ಎಂದು ಊರಲ್ಲಿ ಮರುಗಿದರು. ದಾವಣಗೆರೆಗೆ ಹೋಗಲಾಗದವರಿಗೆ ಅವನೇ ಗತಿಯಾಗಿದ್ದ, ನಿಜ. ನಾನೂ ಹಾಗೆ ಹೋಗಲಾಗದವಳೇ, ಅದಕ್ಕೇ ಅವನ ಕುರ್ಚಿಯಲ್ಲಿ ಕೂತಿದ್ದು. ಅವನ ಮಣ್ಣಿಗೆ ಹೋಗಲಿಲ್ಲ ನಾನು.

ಈಗ ಸರ್ಕಾರಿ ಪ್ರೌಢಶಾಲೆಯ ಕೆಲಸ, ಕೈಯಲ್ಲಿ ದುಡ್ಡಿದೆ. ದವಡೆಗೆ ತಿರುಪು ಕೂರಿಸಿ ಗಟ್ಟಿ ಹಲ್ಲು ಹಾಕಿಸೋಣ ಎಂದು ಹೋದರೆ, ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಮೂಳೆ ಕರಗಿಹೋಗಿದೆ, ತಿರುಪು ನಿಲ್ಲುವುದಿಲ್ಲ ಎಂದರು. ತಡವಾಯಿತು ಎಂದು ಮೆಲ್ಲಗೆ ಹೇಳಿದರು, ಒಳ್ಳೆಯ ಮನುಷ್ಯ.

ಜೂನಿನಲ್ಲಿ ಎಂಟನೇ ತರಗತಿಗೆ ವರ್ಣಮಾಲೆಯಿಂದಲೇ ಶುರು ಮಾಡುತ್ತೇನೆ. ಪ್ರತಿ ಅಕ್ಷರ ಬಾಯಲ್ಲಿ ಎಲ್ಲಿ ಹುಟ್ಟುತ್ತದೆ ಎಂದು ತೋರಿಸುತ್ತೇನೆ. ಕಂಠ್ಯ, ತಾಲವ್ಯ ಎಲ್ಲ ಸರಿ. ತ ಥ ದ ಧ ನ ಬಂದಾಗ, ಇವು ದಂತ್ಯ, ನಾಲಿಗೆಯ ತುದಿ ನಿಮ್ಮ ಮುಂದಿನ ಹಲ್ಲಿಗೆ ತಾಗುತ್ತದೆ ನೋಡಿ ಎನ್ನುತ್ತೇನೆ. ಮಕ್ಕಳು ಹೌದು ಮಿಸ್ ಎಂದು ಖುಷಿಯಿಂದ ಕೂಗುತ್ತಾರೆ. ನಾನೂ ಸೆರಗು ಅಡ್ಡ ಇಲ್ಲದೆ, ಗಟ್ಟಿಯಾಗಿ ಅವರ ಜೊತೆ ಹೇಳುತ್ತೇನೆ. ನನ್ನ ನಾಲಿಗೆಗೆ ತಾಗುವುದು ಬರೀ ಪ್ಲಾಸ್ಟಿಕ್ಕು.